ಕೆಂಪು ಮುಚ್ಚಳದ ಪಾತ್ರೆ

ಜನವರಿ 9, ಶುಕ್ರವಾರ

ಪ್ರೀತಿಯ ಅಪ್ಪ,

ನಿನ್ನೆ ಮಧ್ಯಾಹ್ನ ಹೋಟೆಲಿನಲ್ಲಿ ನನ್ನ ಸೂಪು ವಾಪಸ್ ಬಂತು. ಒಂದು ಬಟ್ಟಲಲ್ಲ, ಏಳು. ಸುದ್ದಿ ತಂದವರು ಬಡಿಸುವವರ ಮೇಸ್ತ್ರಿ. ಅವರು ಯಾವತ್ತೂ ದನಿ ಏರಿಸಿದವರಲ್ಲ. ಏಳೂ ಬಟ್ಟಲನ್ನು ಒಂದೇ ತಟ್ಟೆಯಲ್ಲಿ ಸಾಲಾಗಿ ಜೋಡಿಸಿ ನನ್ನ ಒಲೆಯ ಪಕ್ಕ ಇಟ್ಟರು. "ಎಲ್ಲರದ್ದೂ ಒಂದೇ ಮಾತಮ್ಮ. ಸಪ್ಪೆಯಂತೆ" ಅಂದರು.

ಮುಖ್ಯ ಶೆಫ್ ಬಂದರು. ನಿನಗೆ ಹೇಳಿದ್ದೆನಲ್ಲ, ಕೂದಲನ್ನು ಪೆನ್ಸಿಲ್ ಚುಚ್ಚಿ ಕಟ್ಟಿಕೊಳ್ಳುವವರು. ಒಂದು ಚಮಚ ಬಾಯಿಗೆ ಹಾಕಿಕೊಂಡು ನನ್ನನ್ನೇ ನೋಡಿದರು.

"ಇದಕ್ಕೆ ಉಪ್ಪು ಹಾಕಿದೀಯಾ?"

"ಹಾಕಿದೀನಿ ಶೆಫ್."

"ರುಚಿ ನೋಡಿದ್ಯಾ?"

"ಮೂರು ಸಲ ನೋಡಿದೆ."

"ಮೂರು ಸಲಾನೂ ಸರಿ ಅನ್ನಿಸ್ತಾ?"

"ಹೂಂ."

"ನಿನಗೆ ಮೊದಲು ಅಡುಗೆ ಕಲಿಸಿದ್ದು ಯಾರು?"

"ನಮ್ಮಪ್ಪ."

"ಎಲ್ಲಿ ಕೆಲಸ ಅವರಿಗೆ?"

"ಆಸ್ಪತ್ರೆ ಅಡುಗೆಮನೇಲಿ. ಮೂವತ್ತೊಂದು ವರ್ಷ."

"ಓ" ಅಂದರು. ಅಷ್ಟೇ. ಬೈದಿದ್ದರೆ ನಿನ್ನೆಯೇ ಮರೆತುಹೋಗುತ್ತಿತ್ತು. ಆ "ಓ" ಮಾತ್ರ ಕಿವಿಯಲ್ಲೇ ಕೂತಿದೆ.

ಇದು ಸಣ್ಣ ವಿಷಯವಲ್ಲ ಅಪ್ಪ. ಎರಡು ವರ್ಷ ಕೋರ್ಸು, ಒಂದು ವರ್ಷ ಈರುಳ್ಳಿ ಆಲೂಗಡ್ಡೆ, ಒಂದು ವರ್ಷ ಮೊಟ್ಟೆ, ಎರಡು ವರ್ಷ ತಣ್ಣನೆ ತಿಂಡಿಗಳ ಮೇಜು. ಅಲ್ಲೆಲ್ಲ ಅಳತೆ ಗೋಡೆಯ ಮೇಲೆ ಬರೆದಿರುತ್ತಿತ್ತು, ನಾನು ಬರೆದ ಹಾಗೆ ಕಲೆಸುತ್ತಿದ್ದೆ. ಈಗ ಮೊದಲ ಸಲ ನನ್ನ ಪಾಲಿಗೆ ಸ್ವಂತ ಒಲೆ ಬಂದಿದೆ, ಸೂಪು ಮತ್ತು ಸಾಸ್. ಇಲ್ಲಿ ಗೋಡೆಯ ಮೇಲೆ ಏನೂ ಬರೆದಿಲ್ಲ. ಮಾರ್ಚ್ 31ರವರೆಗೆ ಪರೀಕ್ಷೆಯ ಅವಧಿ. ಗೆದ್ದರೆ ಒಲೆ ನನ್ನದು, ಮುಂದೆ ಉಪ ಶೆಫ್ ಆಗುವ ದಾರಿ ಅದೊಂದೇ. ಸೋತರೆ ಮತ್ತೆ ಈರುಳ್ಳಿ. ಈ ಅಡುಗೆಮನೆಯಲ್ಲಿ ಒಮ್ಮೆ ಇಳಿದವರು ಮತ್ತೆ ಹತ್ತಿದ್ದನ್ನು ಯಾರೂ ನೋಡಿಲ್ಲವಂತೆ. ಹೀಗಂದವನು ಪಕ್ಕದ ಒಲೆಯವನು. ಹದಿನೆಂಟು ವರ್ಷದಿಂದ ಮೀನು ಹುರಿಯುತ್ತಿದ್ದಾನೆ, ಎಲ್ಲರೂ ಅವನನ್ನು ಬಾಣಲೆ ಅಂತಲೇ ಕರೆಯುವುದು.

ಫೋನಿನಲ್ಲಿ ಹೇಳಿದರೆ ನೀನು "ಆಂ? ಆಂ?" ಅನ್ನುತ್ತೀಯ, ನಾನು ಕೂಗಬೇಕು, ಇಡೀ ಅಡುಗೆಮನೆಗೆ ಕೇಳುತ್ತದೆ. ಅದಕ್ಕೇ ಕಾಗದ. ಮಂಡಿ ಹೇಗಿದೆ?

ನಿನ್ನ
ಸೌಟು


ಜನವರಿ 17, ಶನಿವಾರ

ನನ್ನ ಸೌಟಿಗೆ,

ಕಾಗದ ಗುರುವಾರ ಬಂತು. ಎರಡು ಸಲ ಓದಿದೆ, ಒಂದು ಸಲ ನಿನ್ನ ಅತ್ತೆಗೆ ಓದಿ ಹೇಳಿದೆ.

ಮೂವತ್ತೊಂದು ವರ್ಷದಲ್ಲಿ ನನ್ನ ಒಂದು ಬಟ್ಟಲು ಸೂಪೂ ವಾಪಸ್ ಬಂದಿಲ್ಲ ಎಂಬುದನ್ನು ನಿಮ್ಮ ಶೆಫ್‌ಗೆ ತಿಳಿಸು. "ವಾಪಸ್ ಕಳಿಸೋ ತ್ರಾಣ ಇದ್ದೋರು ಆ ವಾರ್ಡಲ್ಲಿ ಯಾರಿದ್ರೋ?" ಎಂದು ನಿನ್ನ ಅತ್ತೆ ಕೇಳಿದಳು. ನನ್ನ ಅಕ್ಕನಾದರೂ ಅವಳು ನನ್ನ ಕಡೆ ಮಾತಾಡಿದ್ದು ಕಡಿಮೆ.

ಕೆಲವು ವಿಷಯ ಗಮನಿಸು. ಕುದಿಯುವಾಗ ರುಚಿ ನೋಡಬೇಡ, ನಾಲಿಗೆ ಸುಡುತ್ತದೆ, ಸುಟ್ಟ ನಾಲಿಗೆಗೆ ಏನೂ ಗೊತ್ತಾಗುವುದಿಲ್ಲ. ಸ್ವಲ್ಪ ಆರಿಸಿ ನೋಡು. ನೆಗಡಿ ಇದೆಯೇ? ಅಲ್ಲಿಯ ನೀರು ಬೇರೆ ಇರಬಹುದು. ಉಪ್ಪಿನ ಕಂಪನಿಯೂ ಬೇರೆ ಇರಬಹುದು, ಕೆಲವು ಉಪ್ಪು ಸಾರವಿಲ್ಲದ್ದು. ಏಳು ಜನ ಒಂದೇ ಮೇಜಿನವರಾಗಿದ್ದರೆ ಒಬ್ಬರು ಹೇಳಿದ್ದನ್ನೇ ಉಳಿದವರು ಹೇಳಿರುತ್ತಾರೆ. ಅದನ್ನು ಏಳು ಎಂದು ಎಣಿಸಬಾರದು, ಒಂದು ಎಂದು ಎಣಿಸಬೇಕು.

ಮಂಡಿ ಪರವಾಗಿಲ್ಲ. ಮೆಟ್ಟಿಲು ಇಳಿಯುವಾಗ ಮಾತ್ರ ಶಬ್ದ ಮಾಡುತ್ತದೆ. ಅತ್ತೆ ಮೇಲಿನ ಮನೆಯಿಂದ ಊಟಕ್ಕೆ ಎಂದಿನಂತೆ ಇಳಿದು ಬರುತ್ತಾಳೆ, ಅವಳ ಮಂಡಿ ಶಬ್ದ ಮಾಡುವುದಿಲ್ಲ, ಅವಳೇ ಮಾಡುತ್ತಾಳೆ.

ನಿನಗೊಂದು ಹೊಸ ಏಪ್ರನ್, ಗುಂಡಿ ಹೊಲಿದು ಕಳಿಸಿದ್ದೇನೆ.

ಅಪ್ಪ


ಫೆಬ್ರವರಿ 3, ಮಂಗಳವಾರ

ಪ್ರೀತಿಯ ಅಪ್ಪ,

ಎರಡನೇ ಎಚ್ಚರಿಕೆ ಸಿಕ್ಕಿದೆ, ಏಳು ಬಟ್ಟಲಿನದ್ದು ಮೊದಲನೆಯದಂತೆ. ಈ ಸಲ ಸಪ್ಪೆಗೆ ಅಲ್ಲ, ಉಪ್ಪಿಗೆ. ಹೇಳಿದವರು ಶೆಫ್ ಖುದ್ದು, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಎಲ್ಲರ ಮುಂದೆ.

ನಡೆದದ್ದು ಇಷ್ಟು. ಜನವರಿಯ ಮೂರನೇ ವಾರದಿಂದ ನಾನು ಒಂದು ಉಪಾಯ ಹಿಡಿದೆ. ನನಗೆ ಸರಿ ಅನ್ನಿಸಿದ ಮೇಲೂ ಇನ್ನೊಂದು ಹಿಡಿ ಹಾಕುವುದು. ಬಾಯಲ್ಲಿಟ್ಟರೆ ಮುಖ ಕಿವುಚುವ ಹಾಗಾದರೆ ಬೇರೆಯವರಿಗೆ ಸರಿ ಇರುತ್ತದೆ ಎಂಬ ಲೆಕ್ಕ. ಹತ್ತು ದಿನ ನಡೆಯಿತು. ಬಟ್ಟಲು ಖಾಲಿಯಾಗಿ ಬಂದವು. ಭಾನುವಾರ ಕೈ ತಪ್ಪಿತು. ನನಗೆ ಶನಿವಾರದ್ದೂ ಭಾನುವಾರದ್ದೂ ಒಂದೇ, ಎರಡಕ್ಕೂ ಮುಖ ಕಿವುಚಿತ್ತು. ಬಾಣಲೆ ಒಂದು ಚಮಚ ಕುಡಿದು ಒಂದು ಲೋಟ ನೀರು ಕುಡಿದ. "ಏನಮ್ಮಾ, ಮೀನನ್ನ ನೀರಿಂದ ತೆಗೆದದ್ದು ನಾನು. ನೀನು ಮತ್ತೆ ಸಮುದ್ರಕ್ಕೆ ಬಿಡ್ತಿದೀಯ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಪಾತ್ರೆ ಚೆಲ್ಲುವಾಗ ನಗು ಬರಲಿಲ್ಲ. ನಿನ್ನ ಆಸ್ಪತ್ರೆಯ ವಿಷಯ ಎಲ್ಲರಿಗೂ ಗೊತ್ತಾಗಿ ಈಗ ನನ್ನ ಹೆಸರು ಎರಡನೇ ವಾರ್ಡು. "ಎರಡನೇ ವಾರ್ಡು, ಆ ಜರಡಿ ಕೊಡು." "ಎರಡನೇ ವಾರ್ಡು, ಪಕ್ಕಕ್ಕೆ ಸರಿ."

ಅಪ್ಪ, ನೀರು ಬೇರೆಯಲ್ಲ. ಉಪ್ಪಿನ ಕಂಪನಿಯೂ ಬೇರೆಯಲ್ಲ, ನಮ್ಮ ಮನೆಯ ಡಬ್ಬಿಯ ಮೇಲಿದ್ದ ಚಿತ್ರವೇ ಇಲ್ಲೂ ಇದೆ. ಏಳು ಬಟ್ಟಲು ನಾಲ್ಕು ಮೇಜಿನಿಂದ ಬಂದವು.

ಕೋರ್ಸಿನ ಕೊನೆಯ ಪರೀಕ್ಷೆಯ ಹಾಳೆ ನೆನಪಿದೆಯಾ? "ಉಪ್ಪು ಕಡಿಮೆ" ಎಂದು ಬರೆದು ಎರಡು ಅಂಕ ಕಳೆದಿದ್ದರು. ಆ ಮೇಷ್ಟ್ರು ಸಿಡುಕ ಎಂದು ನಾವಿಬ್ಬರೂ ತೀರ್ಮಾನ ಮಾಡಿದ್ದೆವು. ಶಾಲೆಯಲ್ಲಿ ಗೆಳತಿಯರ ಡಬ್ಬಿಯ ಊಟ ಉಪ್ಪುಪ್ಪು ಎಂದು ನಾನು ಮನೆಗೆ ಬಂದು ಹೇಳುತ್ತಿದ್ದೆ. ಅವರ ಅಮ್ಮಂದಿರಿಗೆ ಅಡುಗೆ ಬರುವುದಿಲ್ಲ ಎಂದುಕೊಂಡಿದ್ದೆ.

ನಿನ್ನ ಆಸ್ಪತ್ರೆಯ ಅಡುಗೆಮನೆಯಲ್ಲಿ ಮೂರು ಪಾತ್ರೆ ಇದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಬಿಳಿ ಮುಚ್ಚಳ ಸಾಮಾನ್ಯ ಊಟಕ್ಕೆ. ನೀಲಿ ಮುಚ್ಚಳ ಉಪ್ಪು ಕಡಿಮೆಯವರಿಗೆ. ಕೆಂಪು ಮುಚ್ಚಳ ಹೆಚ್ಚುಕಡಿಮೆ ಉಪ್ಪೇ ಬೇಡ ಎಂದವರಿಗೆ.

ಒಂದೇ ಪ್ರಶ್ನೆ. ನಾವು ಮನೆಯಲ್ಲಿ ಯಾವ ಪಾತ್ರೆಯದು ಉಣ್ಣುತ್ತಿದ್ದೆವು?

ನಿನ್ನ
ಸೌಟು


ಫೆಬ್ರವರಿ 19, ಗುರುವಾರ

ಅಪ್ಪ,

ಹದಿನಾರು ದಿನವಾಯಿತು. ಅತ್ತೆಗೆ ಫೋನ್ ಮಾಡಿದೆ. "ಚೆನ್ನಾಗೇ ಇದಾನೆ. ಯಾಕೋ ಅಟ್ಟದ ಮೇಲಿನ ಪಾತ್ರೆ ಎಲ್ಲ ಇಳಿಸಿ ತೊಳೀತಾ ಕೂತಿದಾನೆ" ಅಂದಳು. ನಾನು ತಪ್ಪು ಹುಡುಕಲು ಕೇಳಲಿಲ್ಲ. ಗೊತ್ತಾದರೆ ಕೆಲಸಕ್ಕೆ ಬರುತ್ತದೆ ಎಂದು ಕೇಳಿದೆ.

ಸೌಟು


ಫೆಬ್ರವರಿ 24, ಮಂಗಳವಾರ

ನನ್ನ ಸೌಟಿಗೆ,

ಕೆಂಪು.

ಅದನ್ನು ಬರೆಯಲು ಮೂರು ವಾರ ಹಿಡಿಯಿತು. ಉಳಿದದ್ದನ್ನೂ ಬರೆಯುತ್ತೇನೆ.

ಮೊದಲು ನಿನ್ನ ಅತ್ತೆಯ ವಿಷಯ. ನಿನ್ನ ಕಾಗದ ಬಂದ ದಿನ ಊಟಕ್ಕೆ ಕೂತಾಗ ಅವಳನ್ನು ಕೇಳಿದೆ. "ಅಕ್ಕಾ, ನನ್ನ ಅಡುಗೇಲಿ ಉಪ್ಪು ಕಡಿಮೆ ಇರುತ್ತಾ?" ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ. ಎಡಗೈಯಲ್ಲಿ ತನ್ನ ಚೀಲ ತೆರೆದು ಒಂದು ಪುಟ್ಟ ತಗಡಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಗುಳಿಗೆ ಇಡುವ ಡಬ್ಬಿ. ಅವಳು ರಕ್ತದೊತ್ತಡದ ಗುಳಿಗೆ ಇಟ್ಟುಕೊಂಡಿದ್ದಾಳೆ ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಒಳಗಿದ್ದದ್ದು ಉಪ್ಪು.

"ಯಾವತ್ತಿಂದ?" ಅಂದೆ.

"ಇಪ್ಪತ್ತು ವರ್ಷ ಆಯ್ತು."

"ಹೇಳೋದಲ್ವಾ?"

"ಯಾರಿಗೆ ಹೇಳ್ಲಿ? ನಿನ್ನ ಹೆಂಡ್ತಿ ಮುಂದೆ ಹೇಳೋ ಹಾಗಿರಲಿಲ್ಲ. ಅವಳು ಹೋದ ಮೇಲೆ ನಿನ್ನ ಮುಂದೆ ಹೇಳೋ ಹಾಗಿರಲಿಲ್ಲ. ಡಬ್ಬಿ ಸುಲಭ ಅನ್ನಿಸ್ತು."

ಎದುರು ಮನೆಯ ಪೋಸ್ಟ್‌ಮ್ಯಾನ್ ಊಟಕ್ಕೆ ಕರೆದಾಗಲೆಲ್ಲ ಜೇಬಿನಲ್ಲಿ ಪೊಟ್ಟಣ ತರುತ್ತಿದ್ದನಂತೆ. ಅವಳೇ ಹೇಳಿಕೊಟ್ಟದ್ದು. ನಾನು ನೀರು ತರಲು ಒಳಗೆ ಹೋದಾಗ ಇಬ್ಬರೂ ಉದುರಿಸಿಕೊಳ್ಳುತ್ತಿದ್ದರು. ನನಗೆ ಯಾಕೆ ಅಷ್ಟು ಸಲ ನೀರು ಕೇಳುತ್ತಾರೆ ಎಂದು ಈಗ ತಿಳಿಯಿತು.

ಈಗ ಅಮ್ಮನ ವಿಷಯ. ಅವಳ ಮೂತ್ರಪಿಂಡ ಕೆಟ್ಟಿದೆ ಎಂದು ಡಾಕ್ಟರು ಹೇಳಿದಾಗ ನಿನಗೆ ಆರು ವರ್ಷ. ಉಪ್ಪು ಲೀಟರಿಗೆ ಒಂದು ಗ್ರಾಂ ಮೀರಬಾರದು ಅಂದರು. ಮೊದಲ ವಾರ ನಾನು ಆಸ್ಪತ್ರೆಯ ಪದ್ಧತಿಯಂತೆ ಮನೆಯಲ್ಲೂ ಎರಡು ಪಾತ್ರೆ ಇಟ್ಟೆ. ಕೆಂಪು ಮುಚ್ಚಳದ್ದು ಅವಳಿಗೆ, ಬಿಳಿಯದ್ದು ನಮಗಿಬ್ಬರಿಗೆ. ನಾಲ್ಕನೆಯ ದಿನ ಅವಳು "ನಾನೂ ವಾರ್ಡಿಗೆ ಸೇರಿದ ಹಾಗಾಯ್ತು" ಅಂದಳು. ನಗುತ್ತಲೇ ಅಂದಳು. ಮರುದಿನ ಬಿಳಿ ಮುಚ್ಚಳವನ್ನು ಅಟ್ಟಕ್ಕೆ ಹಾಕಿದೆ. ಮೂವರೂ ಒಂದೇ ಪಾತ್ರೆಯಿಂದ ಉಂಡೆವು. ನೀನು ಎರಡು ದಿನ ಹಠ ಮಾಡಿದೆ, ಆಮೇಲೆ ತಟ್ಟೆ ನೆಕ್ಕಲು ಶುರು ಮಾಡಿದೆ.

ಹತ್ತು ವರ್ಷ ಹಾಗೇ ನಡೆಯಿತು. ಅವಳು ಹೋಗಿ ಹನ್ನೊಂದು ವರ್ಷವಾಯಿತು. ಅವತ್ತೇ ಬಿಳಿ ಮುಚ್ಚಳ ಇಳಿಸಬೇಕಿತ್ತು. ನೀನು ಬೆಳೆಯುವ ಹುಡುಗಿ, ಅಡುಗೆಯವಳಾಗಲು ಹೊರಟವಳು. ಇಳಿಸಲಿಲ್ಲ. ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ.

ಕಳೆದ ವಾರ ಅಟ್ಟದಿಂದ ಇಳಿಸಿದೆ. ತೊಳೆದೆ.

ಇದರ ಜೊತೆ ವಾರ್ಡಿನ ಹಳೆಯ ಹಾಳೆ ಇಟ್ಟಿದ್ದೇನೆ. ಬಿಳಿ ಮುಚ್ಚಳ, ಲೀಟರಿಗೆ ಒಂಬತ್ತು ಗ್ರಾಂ. ನೀಲಿ, ನಾಲ್ಕು. ಕೆಂಪು, ಒಂದು. ಸಣ್ಣ ತಕ್ಕಡಿ ಒಂದನ್ನು ಒಲೆಯ ಪಕ್ಕ ಇಟ್ಟುಕೋ. ಒಂಬತ್ತು ಗ್ರಾಂ ತೂಗಿ ಹಾಕು. ನಾಲಿಗೆಯನ್ನು ಕೇಳಲೇ ಬೇಡ. ನಾನು ಮೂವತ್ತೊಂದು ವರ್ಷ ಹಾಗೇ ಮಾಡಿದ್ದು.

ನಿನ್ನ ನಾಲಿಗೆ ಕೆಡಿಸಿದವನು ನಾನು. ಅದನ್ನು ನಿಮ್ಮ ಶೆಫ್‌ಗೆ ಬೇಕಾದರೆ ಹೇಳು.

ಅಪ್ಪ


ಮಾರ್ಚ್ 12, ಗುರುವಾರ

ಪ್ರೀತಿಯ ಅಪ್ಪ,

ಮೂರನೆಯ ಮತ್ತು ಕೊನೆಯ ಎಚ್ಚರಿಕೆ ಇವತ್ತು ಬಂತು. ಹೆದರಬೇಡ, ಪೂರ್ತಿ ಓದು.

ಹನ್ನೊಂದು ದಿನ ನಿನ್ನ ಹಾಳೆ ನನ್ನನ್ನು ಕಾಪಾಡಿತು. ಬ್ರೆಡ್ ಮಾಡುವವರ ಹತ್ತಿರ ಒಂದು ತಕ್ಕಡಿ ಎರವಲು ತಂದೆ. ಸೂಪಿನ ಒಂದು ಬಟ್ಟಲೂ ವಾಪಸ್ ಬರಲಿಲ್ಲ. "ಎರಡನೇ ವಾರ್ಡು ಈಗ ಔಷಧಿ ಅಂಗಡಿ ಆಗಿದೆ" ಎಂದು ಬಾಣಲೆ ಊರೆಲ್ಲ ಸಾರಿದ. ಇವತ್ತು ಮೊದಲ ಸಲ ದೊಡ್ಡ ಸಾಸ್ ನನ್ನ ಪಾಲಿಗೆ ಬಂತು. ಐದು ಲೀಟರ್ ಮೂಳೆ ರಸ. ಐದೊಂಬತ್ತಲೆ ನಲವತ್ತೈದು. ಬೆಳಿಗ್ಗೆ ಹತ್ತಕ್ಕೇ ನಲವತ್ತೈದು ಗ್ರಾಂ ತೂಗಿ ಹಾಕಿದೆ. ಸಾಸನ್ನು ಮುಚ್ಚಳವಿಲ್ಲದೆ ಕುದಿಸಿ ಇಂಗಿಸಬೇಕು, ನಿನಗೆ ಗೊತ್ತಲ್ಲ. ಒಂದು ಗಂಟೆಯ ಹೊತ್ತಿಗೆ ಪಾತ್ರೆಯಲ್ಲಿ ಉಳಿದದ್ದು ಎರಡು ಲೀಟರ್. ನೀರು ಆವಿಯಾಗಿ ಹೋಯಿತು. ಉಪ್ಪು ನಲವತ್ತೈದು ಗ್ರಾಂ ಅಲ್ಲೇ ಕೂತಿತ್ತು.

ಕೋರ್ಸಿನ ಮೊದಲ ವಾರದಲ್ಲೇ ಹೇಳಿಕೊಡುವ ಪಾಠ ಇದು. ಇಂಗಿಸುವುದಕ್ಕೆ ಕೊನೆಗೆ ಉಪ್ಪು ಹಾಕು ಎಂದು. ನಿನ್ನ ಕೈಬರಹ ಎದುರಿಗಿತ್ತು, ಬೇರೆ ಪಾಠ ನೆನಪಾಗಲಿಲ್ಲ. ಕೊನೆಯಲ್ಲಿ ರುಚಿಯನ್ನೂ ನೋಡಿದೆ. ಉಪ್ಪು ಅನ್ನಿಸಿತು. ಆದರೆ ನನಗೆ ಲೀಟರಿಗೆ ನಾಲ್ಕು ಗ್ರಾಂ ದಾಟಿದರೆ ಎಲ್ಲವೂ ಉಪ್ಪೇ. ಒಂಬತ್ತಕ್ಕೂ ಇಪ್ಪತ್ತೆರಡಕ್ಕೂ ವ್ಯತ್ಯಾಸ ಗೊತ್ತಾಗಲಿಲ್ಲ.

ಶೆಫ್ ತಕ್ಕಡಿಯನ್ನು ಎತ್ತಿ ಬ್ರೆಡ್ ಮೇಜಿಗೆ ವಾಪಸ್ ಇಟ್ಟರು. "ಬ್ರೆಡ್ಡಿಗೆ ತಕ್ಕಡಿ. ಸಾಸಿಗೆ ನಾಲಿಗೆ" ಅಂದರು. ಆಗ ನಾನು ಅಮ್ಮನ ವಿಷಯ, ಮುಚ್ಚಳದ ವಿಷಯ ಎಲ್ಲ ಹೇಳಿಬಿಟ್ಟೆ. ಹೇಳಬೇಕೆಂದಿರಲಿಲ್ಲ. ಅವರು ಪೆನ್ಸಿಲ್ ತೆಗೆದು ಕೂದಲು ಬಿಚ್ಚಿ ಮತ್ತೆ ಕಟ್ಟಿಕೊಂಡರು. "31ಕ್ಕೆ ಮೂರು ಮಾಡು. ಒಂದು ಸೂಪು, ಒಂದು ಸಾಸ್, ಒಂದು ತರಕಾರಿ. ನಾನು ಮತ್ತೆ ಯಜಮಾನರು ತಿಂತೀವಿ. ತಕ್ಕಡಿ ಇಲ್ಲ, ಹಾಳೆ ಇಲ್ಲ. ಅಪ್ಪನೂ ಇಲ್ಲ" ಅಂದರು.

ಇನ್ನು ಹತ್ತೊಂಬತ್ತು ದಿನ.

ನೀನು ನನ್ನ ನಾಲಿಗೆ ಕೆಡಿಸಿಲ್ಲ. ಹಾಗೆ ಇನ್ನೊಮ್ಮೆ ಬರೆದರೆ ಕಾಗದ ವಾಪಸ್ ಕಳಿಸುತ್ತೇನೆ, ಏಳು ಬಟ್ಟಲಿನ ಜೊತೆ.

ನಿನ್ನ
ಸೌಟು


ಮಾರ್ಚ್ 15, ಭಾನುವಾರ

ಸೌಟು,

ಮುಚ್ಚಳ! ವಾರ್ಡಿನ ಹಾಳೆ ಮುಚ್ಚಿದ ಪಾತ್ರೆಗೆ ಬರೆದದ್ದು. ನಾವು ಯಾವುದನ್ನೂ ಇಂಗಿಸುತ್ತಿರಲಿಲ್ಲ. ಅದನ್ನು ಹಾಳೆಯ ಮೇಲೆ ಬರೆಯಬೇಕಿತ್ತು. ನನ್ನ ತಪ್ಪು.

ಉಳಿದ ಹದಿನಾರು ದಿನ ಕಡಿಮೆಯಲ್ಲ. ಹೀಗೆ ಮಾಡು. ಒಂದೇ ತರಹದ ಆರು ಲೋಟ. ಒಂದೊಂದರಲ್ಲೂ ನೀರು, ಲೀಟರಿಗೆ ಎರಡು, ನಾಲ್ಕು, ಆರು, ಎಂಟು, ಹತ್ತು, ಹನ್ನೆರಡು ಗ್ರಾಂ ಉಪ್ಪಿನ ಲೆಕ್ಕದಲ್ಲಿ. ಅಂಕಿ ಬರೆದ ಚೀಟಿಯನ್ನು ಲೋಟದ ತಳಕ್ಕೆ ಅಂಟಿಸು. ಬೇರೆ ಯಾರಿಂದಲಾದರೂ ಅದಲು ಬದಲು ಮಾಡಿಸು. ಬೆಳಿಗ್ಗೆ ಏನೂ ತಿನ್ನುವ ಮೊದಲು ಒಂದೊಂದು ಗುಟುಕು ಬಾಯಲ್ಲಾಡಿಸಿ ಉಗಿ, ನುಂಗಬೇಡ. ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಇಡು. ಆಮೇಲೆ ತಳ ನೋಡು. ಎಷ್ಟು ಸರಿ ಎಂದು ದಿನವೂ ಬರೆದುಕೋ.

ನಾನೂ ಇಲ್ಲಿ ಶುರು ಮಾಡಿದ್ದೇನೆ. ಡಾಕ್ಟರನ್ನು ಕೇಳಿದೆ, ನಿಮ್ಮ ಒತ್ತಡ ಸರಿಯಿದೆ, ಉಳಿದವರಷ್ಟು ತಿನ್ನಬಹುದು ಅಂದರು. ಎರಡು ದಿನಕ್ಕೊಮ್ಮೆ ಲೀಟರಿಗೆ ಒಂದು ಗ್ರಾಂ ಏರಿಸುತ್ತೇನೆ. ನೀನೊಬ್ಬಳೇ ನಾಲಿಗೆ ಬದಲಿಸಿಕೊಳ್ಳುವುದು ಬೇಡ. ಅಕ್ಕನನ್ನು ತೀರ್ಪುಗಾರಳನ್ನಾಗಿ ನೇಮಿಸಿದ್ದೇನೆ. ಅವಳು ಡಬ್ಬಿ ತೆಗೆಯದೆ ಊಟ ಮುಗಿಸಿದ ದಿನ ನನಗೆ ಪಾಸು.

ಇವತ್ತು ಎರಡು ಸಲ ತೆಗೆದಳು. ಮೊದಲು ಮೂರು ಸಲ ತೆಗೆಯುತ್ತಿದ್ದಳಂತೆ.

ಅಪ್ಪ


ಮಾರ್ಚ್ 25, ಬುಧವಾರ

ಪ್ರೀತಿಯ ಅಪ್ಪ,

ಇವತ್ತು ಆರಕ್ಕೆ ಆರೂ ಸರಿ. ತಳ ನೋಡಿ ಹೇಳಿದವನು ಬಾಣಲೆ.

ಮೊದಲ ದಿನ ಎರಡು ಸರಿಯಿತ್ತು, ಎರಡನೆಯ ದಿನ ಒಂದು. ನಾಲ್ಕನೆಯ ದಿನದಿಂದ ನಾಲ್ಕು. ಲೋಟ ಅದಲು ಬದಲು ಮಾಡುವ ಕೆಲಸ ಬಾಣಲೆಯದ್ದು. ಎರಡು ದಿನ ನನ್ನನ್ನು ನೋಡಿ ನಕ್ಕ, ಮೂರನೆಯ ದಿನ "ಎಲ್ಲಿ, ನಾನೊಂದು ಕೈ ನೋಡ್ತೀನಿ" ಅಂದ. ಹದಿನೆಂಟು ವರ್ಷದ ಅನುಭವಕ್ಕೆ ಮೂರು ಸರಿ ಬಂತು. ಅವತ್ತಿನಿಂದ ನನ್ನನ್ನು ಎರಡನೇ ವಾರ್ಡು ಎಂದು ಕರೆಯುವುದು ಬಿಟ್ಟಿದ್ದಾನೆ. ಈಗ ಬೆಳಿಗ್ಗೆ ಒಂಬತ್ತಕ್ಕೆ ಬ್ರೆಡ್ಡಿನವರು, ಮೊಟ್ಟೆಯವರು, ಎಲ್ಲರೂ ಲೋಟದ ಮುಂದೆ ಸಾಲು ನಿಲ್ಲುತ್ತಾರೆ. ಸೋಮವಾರ ಶೆಫ್ ಬಂದರು. ಮಾತಿಲ್ಲದೆ ಆರೂ ಕುಡಿದು ಉಗಿದು ಸಾಲಾಗಿಟ್ಟರು. ಎಂಟೂ ಹತ್ತೂ ಹಿಂದುಮುಂದಾಗಿತ್ತು. ತಳ ನೋಡಿಕೊಂಡು, "ಇದನ್ನ ಯಾರಾದ್ರೂ ಹೊರಗೆ ಹೇಳಿದ್ರೆ ಈರುಳ್ಳಿ ಮೇಜಿಗೆ ಹಾಕ್ತೀನಿ" ಅಂದರು. ಅದಕ್ಕೇ ನಿನಗೆ ಮಾತ್ರ ಬರೆಯುತ್ತಿದ್ದೇನೆ.

ಇನ್ನೊಂದು ವಿಷಯ. ಇದನ್ನು ಅತ್ತೆಗೆ ಓದಿ ಹೇಳಬೇಡ.

ನಿನ್ನೆ ಸೂಪು ಮಾಡಿದೆ, ತೂಗದೆ. ಸರಿಯಿದೆ ಅನ್ನಿಸಿತು. ಶೆಫ್ ನೋಡಿ ತಲೆಯಾಡಿಸಿ ಹೋದರು. ಅಂದರೆ ಅವರ ಸರಿಯೂ ನನ್ನ ಸರಿಯೂ ಮೊದಲ ಸಲ ಒಂದಾಯಿತು. ಸಂತೋಷ ಆಗಬೇಕಿತ್ತು. ನಾನು ತಣ್ಣನೆ ಕೋಣೆಗೆ ಹೋಗಿ ಟೊಮ್ಯಾಟೊ ಪೆಟ್ಟಿಗೆಗಳ ಮಧ್ಯೆ ನಿಂತು ಅತ್ತುಬಿಟ್ಟೆ. ಐದು ನಿಮಿಷ. ಹೊರಗೆ ಬಂದಾಗ ಮೂಗು ಕೆಂಪಾಗಿದ್ದಕ್ಕೆ ಚಳಿ ಅಂದೆ.

ಹೊಸ ನಾಲಿಗೆ ಬರುತ್ತಿದೆ ಅಪ್ಪ. ಮುಂದಿನ ಸಲ ಮನೆಗೆ ಬಂದಾಗ ಕೆಂಪು ಮುಚ್ಚಳದ ಅಡುಗೆ ನನಗೆ ಸಪ್ಪೆ ಅನ್ನಿಸುತ್ತದೆ. ಅಮ್ಮನ ಮುಖ ಈಗ ಫೋಟೊ ನೋಡಿದರೆ ಮಾತ್ರ ಸರಿಯಾಗಿ ನೆನಪಾಗುತ್ತದೆ. ದನಿ ಆಗಲೇ ಹೋಗಿದೆ. ಅವಳ ಪಕ್ಕ ಕೂತು ಉಂಡ ರುಚಿ ಒಂದೇ ನೋಡದೆಯೂ ಕೇಳದೆಯೂ ಉಳಿದದ್ದು. ಅದನ್ನು ನಾನೇ ದಿನಾ ಬೆಳಿಗ್ಗೆ ಆರು ಲೋಟದಲ್ಲಿ ತೊಳೆದು ಉಗಿಯುತ್ತಿದ್ದೇನೆ.

ಇದನ್ನು ನಿಲ್ಲಿಸಿಬಿಡಲೇ ಎಂದು ನಿನ್ನೆ ಒಂದು ಕ್ಷಣ ಅನ್ನಿಸಿತು. ಈರುಳ್ಳಿ ಕೊಚ್ಚುವುದಕ್ಕೆ ನಾಲಿಗೆ ಬೇಕಾಗಿಲ್ಲ.

ನಿನ್ನ
ಸೌಟು


ಮಾರ್ಚ್ 27, ಶುಕ್ರವಾರ

ನನ್ನ ಸೌಟಿಗೆ,

ನಿನ್ನ ಕಾಗದ ಇವತ್ತು ಬೆಳಿಗ್ಗೆ ಬಂತು. ಪೋಸ್ಟ್‌ಮ್ಯಾನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ, 31ರೊಳಗೆ ತಲುಪಬೇಕು. ಅವನು ನೀರು ಕೇಳಿದ. ಕೊಟ್ಟೆ.

ನಿನಗೆ ಹೇಳದೆ ಉಳಿಸಿಕೊಂಡ ಒಂದು ಮಾತಿದೆ.

ನಿನ್ನ ಅಮ್ಮನಿಗೆ ಆ ಊಟ ಒಂದು ದಿನವೂ ಹಿಡಿಸಲಿಲ್ಲ. ಕಾಯಿಲೆ ಬರುವ ಮೊದಲು ಅವಳು ನಮ್ಮಲ್ಲೆಲ್ಲ ಹೆಚ್ಚು ಉಪ್ಪು ತಿನ್ನುವವಳು. ಹತ್ತು ವರ್ಷ, ದಿನವೂ, ನೀನು ಕೈ ತೊಳೆಯಲು ಎದ್ದ ಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ "ಸಪ್ಪೆ" ಅನ್ನುತ್ತಿದ್ದಳು. ಬೇಜಾರಿನಿಂದಲ್ಲ. ಅದು ನಮ್ಮಿಬ್ಬರ ಮಾತಾಗಿಬಿಟ್ಟಿತ್ತು. ನಾನು "ಗೊತ್ತು" ಅನ್ನುತ್ತಿದ್ದೆ. ಒಂದು ದಿನ ನಾನೇ ಕೇಳಿದೆ, ಮಗುವಿಗಾದರೂ ಬೇರೆ ಪಾತ್ರೆ ಇಡಲಾ ಎಂದು. ಅವಳು ನಿನ್ನ ತಟ್ಟೆ ತೋರಿಸಿದಳು, ನೆಕ್ಕಿ ಹೊಳೆಯುತ್ತಿತ್ತು. "ಬೇಡ. ಅವಳೊಬ್ಬಳಿಗಾದ್ರೂ ಇದು ರುಚಿ ಇದೆಯಲ್ಲ. ಅವಳು ತಿನ್ನೋದನ್ನ ನೋಡಿ ನಾನು ತಿಂತೀನಿ" ಅಂದಳು.

ಹಾಗಾಗಿ ಲೆಕ್ಕ ನೀನು ಅಂದುಕೊಂಡ ಹಾಗಿಲ್ಲ. ಇಷ್ಟು ವರ್ಷ ನಿನ್ನ ಬಾಯಲ್ಲಿದ್ದದ್ದು ಅವಳ ರುಚಿಯಲ್ಲ, ನಿನ್ನದು. ಅವಳಿಗೆ ಅದು ಹೇಗಿತ್ತು ಎಂದು ನಿನಗೆ ಯಾವತ್ತೂ ಗೊತ್ತಿರಲಿಲ್ಲ. ಮುಂದಿನ ಸಲ ನೀನು ಬಂದಾಗ ಕೆಂಪು ಮುಚ್ಚಳದ ಪಾತ್ರೆಯಿಂದ ಒಂದು ತುತ್ತು ತಿನ್ನು. ಸಪ್ಪೆ ಅನ್ನಿಸುತ್ತದೆ. ಅವಳಿಗೂ ಹಾಗೇ ಇತ್ತು.

ಲೋಟ ನಿಲ್ಲಿಸಬೇಡ. ಪೋಸ್ಟ್‌ಮ್ಯಾನ್ ಕೈಗಡಿಯಾರ ನೋಡುತ್ತಿದ್ದಾನೆ.

ಅಪ್ಪ


ಏಪ್ರಿಲ್ 2, ಗುರುವಾರ

ಪ್ರೀತಿಯ ಅಪ್ಪ,

ಒಲೆ ನನ್ನದು. ತಣ್ಣನೆ ಕೋಣೆಯ ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ಶೆಫ್ ಪೆನ್ಸಿಲಿನಲ್ಲಿ ಬರೆದಿದ್ದರು. ಓದಿ ಹೇಳಿದವನು ಬಾಣಲೆ, ನಾನು ನೋಡಲು ಹೋಗಲಿಲ್ಲ.

ನಿನ್ನ ಕಾಗದ 30ಕ್ಕೆ ಬಂತು. ಏಪ್ರನ್ನಿನ ಜೇಬಿನಲ್ಲಿತ್ತು. ಹಾಳೆ ಇಲ್ಲ ಅಂದಿದ್ದರು, ಕಾಗದ ಬೇಡ ಅಂದಿರಲಿಲ್ಲ.

ಮಂಗಳವಾರ ಮೂರೂವರೆಗೆ, ಊಟದ ಜನ ಹೋದ ಮೇಲೆ ಪರೀಕ್ಷೆ. ಸೂಪು ಇಬ್ಬರೂ ಮುಗಿಸಿದರು. ತರಕಾರಿಗೆ ಯಜಮಾನರು "ಚೆನ್ನಾಗಿದೆ" ಅಂದರು, ಅವರು ಎಲ್ಲಕ್ಕೂ ಹಾಗೇ ಅನ್ನುವವರಂತೆ. ಸಾಸನ್ನು ಐದರಿಂದ ಎರಡು ಲೀಟರಿಗೆ ಇಂಗಿಸಿ, ಕೊನೆಯಲ್ಲಿ, ಒಲೆ ಆರಿಸಿದ ಮೇಲೆ, ಚಮಚದಲ್ಲಿ ತಣಿಸಿ ರುಚಿ ನೋಡಿ, ಕೈಯಿಂದ ಉಪ್ಪು ಹಾಕಿದೆ. ನಾಲ್ಕು ಸಲ ಸ್ವಲ್ಪ ಸ್ವಲ್ಪ. ಐದನೆಯ ಸಲ ಕೈ ಎತ್ತಿ ನಿಲ್ಲಿಸಿದೆ. ಶೆಫ್ ತಿಂದು, "ಇನ್ನೊಂದು ಚಿಟಿಕೆ ಬೇಕಿತ್ತು" ಅಂದರು. "ಆ ಚಿಟಿಕೆ ಕೈಯಲ್ಲೇ ಇತ್ತಲ್ಲ, ನೋಡಿದೆ. ಯಾಕೆ ಬಿಟ್ಟೆ?" ಅಂದರು.

"ಹಾಕಿದ್ದನ್ನ ತೆಗೆಯಕ್ಕಾಗಲ್ಲ ಶೆಫ್."

"ಇದನ್ನ ಇಲ್ಲಿ ಉಳಿದವರಿಗೆ ಕಲಿಸಕ್ಕೆ ನನಗೆ ಹತ್ತು ವರ್ಷ ಹಿಡೀತು" ಅಂದರು. ನಕ್ಕರೋ ಇಲ್ಲವೋ ಹೇಳಲಾರೆ. ಪೆನ್ಸಿಲ್ ಬಾಯಲ್ಲಿತ್ತು.

ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೆ ಇನ್ನೊಂದು ಸಾಲಿದೆ. ಊಟಕ್ಕೆ ಬಂದವರಲ್ಲಿ ಕೆಲವರು, "ಡಾಕ್ಟರು ಹೇಳಿದ್ದಾರೆ, ಉಪ್ಪು ಬೇಡ" ಅನ್ನುತ್ತಾರೆ. ಇಷ್ಟು ದಿನ ಅವರಿಗೆ ಅದೇ ಅಡುಗೆಯನ್ನು ಉಪ್ಪು ಬಿಟ್ಟು ಕೊಡುತ್ತಿದ್ದರು. ಇನ್ನು ಆ ಚೀಟಿಗಳು ನನ್ನ ಒಲೆಗೆ ಬರುತ್ತವೆ. ನಿನ್ನೆ ಒಂದು ಬಂತು. ನಿನ್ನ ಹಾಗೆ ಈರುಳ್ಳಿಯನ್ನು ಕಂದು ಬಣ್ಣ ಬರುವವರೆಗೆ ಹುರಿದು, ಕೊನೆಗೆ ನಿಂಬೆ ಹಿಂಡಿ, ಕೆಂಪು ಮುಚ್ಚಳದ ಸೂಪು ಮಾಡಿದೆ. ಕಳಿಸುವ ಮೊದಲು ರುಚಿ ನೋಡಿದೆ.

ಸಪ್ಪೆ ಇತ್ತು ಅಪ್ಪ. ನಿಜವಾಗಿ.

ಅಲ್ಲೇ ನಿಂತು ಇನ್ನೊಂದು ಚಮಚ ತಿಂದೆ. "ಗೊತ್ತು" ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ ಕಾಣುತ್ತದೆ, ಬಾಣಲೆ "ಏನು ಗೊತ್ತು?" ಎಂದು ಕೇಳಿದ. ಬಟ್ಟಲು ಖಾಲಿಯಾಗಿ ಬಂತು. ತಂದವರು ಮೇಸ್ತ್ರಿ. ಈ ಸಲ ಒಂದೇ ಬಟ್ಟಲನ್ನು ದೊಡ್ಡ ತಟ್ಟೆಯ ನಡುವೆ ಇಟ್ಟುಕೊಂಡು ಬಂದರು.

13ಕ್ಕೆ ಸೋಮವಾರ ರಜೆ ಸಿಕ್ಕಿದೆ. ಎರಡು ಪಾತ್ರೆ ಇಡು.

ನಿನ್ನ
ಸೌಟು


ಏಪ್ರಿಲ್ 6, ಸೋಮವಾರ

ನನ್ನ ಸೌಟಿಗೆ,

ಅಕ್ಕ ನಿನ್ನೆ ಡಬ್ಬಿ ತೆಗೆಯದೆ ಊಟ ಮುಗಿಸಿದಳು. ಚೀಲ ಮೇಲೆಯೇ ಮರೆತು ಬಂದಿದ್ದಳು ಎಂದು ಆಮೇಲೆ ತಿಳಿಯಿತು. ಆದರೂ ತಟ್ಟೆ ಖಾಲಿಯಾಗಿತ್ತು, ಪಾಸೆಂದು ಬರೆದುಕೊಂಡಿದ್ದೇನೆ.

ನಿನ್ನ ಕಾಗದ ಅವಳಿಗೆ ಓದಿ ಹೇಳಿದೆ. ಕೊನೆಯ ಭಾಗಕ್ಕೆ ಬಂದಾಗ ಕನ್ನಡಕ ಒರೆಸಲು ತೆಗೆದೆ, ಅವಳೇ ಕಿತ್ತುಕೊಂಡು ಓದಿದಳು. ಪೋಸ್ಟ್‌ಮ್ಯಾನನ್ನೂ ಊಟಕ್ಕೆ ಕರೆದಿದ್ದೇನೆ. ಜೇಬು ಖಾಲಿ ಮಾಡಿಕೊಂಡು ಬಾ ಅಂದಿದ್ದೇನೆ.

13ರ ಬೆಳಿಗ್ಗೆ ಹತ್ತೂ ನಲವತ್ತಕ್ಕೆ ನಿನ್ನ ಬಸ್ಸು. ನಿಲ್ದಾಣಕ್ಕೆ ನಾನು ಬರುತ್ತೇನೆ, ಇಳಿಯಬೇಕಾದ ಮೆಟ್ಟಿಲು ಎಂಟೇ. ಒಲೆಯ ಮೇಲೆ ಬಿಳಿ ಮುಚ್ಚಳದ್ದು ಒಂದು, ಕೆಂಪು ಮುಚ್ಚಳದ್ದು ಒಂದು. ಮೊದಲ ತುತ್ತು ಎಲ್ಲರಿಗೂ ಕೆಂಪಿನಿಂದ. ಊಟ ಒಂದು ಗಂಟೆಗೆ.

ಅಪ್ಪ